ಹತ್ತು ಎಣಿಸುವಷ್ಟು ಹೊತ್ತು

ಮಾರ್ಚ್ ೩, ಸೋಮವಾರ

ಇವತ್ತಿಂದ ಮತ್ತೆ ದಿನಚರಿ. ಬರೆಯದೆ ಇದ್ದರೆ ಯಾರ ಮೇಲಾದರೂ ಹರಿಹಾಯ್ತೇನೆ. ಮನೆಯಲ್ಲಿ ಇರೋಳು ಹೆಂಡತಿ ಒಬ್ಬಳೇ, ಇವಳ ಮೇಲೆ ಈಗ ಹರಿಹಾಯೋ ಹಾಗಿಲ್ಲ. ಹೃದಯದ ಕವಾಟ ಬದಲಾಯಿಸಿಕೊಂಡು ಮನೆಗೆ ಬಂದು ಇನ್ನೂ ಮೂರು ವಾರ.

ಬೆಳಿಗ್ಗೆ ಡಾಕ್ಟರಮ್ಮನ ಹತ್ತಿರ ಹೋಗಿದ್ದೆವು. ಎದೆಯ ಗಾಯ ನೋಡಿದರು, ಸಂತೋಷ. ರಕ್ತದ ರಿಪೋರ್ಟ್ ನೋಡಿದರು, ಸಂತೋಷ. ಆಮೇಲೆ ಇವಳ ಮುಂಗೈ ನೋಡಿದರು. ಸಾಲಾಗಿ ನಾಲ್ಕು ಗೀರು.

"ಇದೇನಮ್ಮ?"

"ನಾಯಿಮರಿ ಡಾಕ್ಟ್ರೇ, ಆಟಕ್ಕೆ," ಅಂದಳು ಇವಳು, ಬಹುಮಾನ ಬಂದವಳ ಹಾಗೆ ಮುಖ ಅರಳಿಸಿ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ರಕ್ತ ತೆಳುವಾಗೋ ಮಾತ್ರೆ ಜೀವಮಾನವಿಡೀ ತಗೋಬೇಕಾದವರು ನೀವು, ಹಲ್ಲು ಸ್ವಲ್ಪ ಆಳಕ್ಕೆ ಇಳಿದರೂ ರಕ್ತ ನಿಲ್ಲೋದು ಕಷ್ಟ, ಗೀರಿನ ಮೇಲೆ ನೆಕ್ಕಿದರೆ ಸೋಂಕು ಹೊಸ ಕವಾಟಕ್ಕೇ ಹೋಗಿ ಕೂರಬಹುದು ಅಂತ ಬಿಡಿಸಿ ಹೇಳಿದರು. "ಮೂವತ್ತೊಂದಕ್ಕೆ ಮತ್ತೆ ಬನ್ನಿ. ಅಷ್ಟರಲ್ಲಿ ಈ ಕಚ್ಚೋದು, ಮೈಯೆಲ್ಲ ನೆಕ್ಕೋದು ನಿಲ್ಲದಿದ್ದರೆ ಮರಿಗೆ ಬೇರೆ ಮನೆ ನೋಡಿ. ಅಲ್ಲೀವರೆಗೆ ನೀವು ಅದನ್ನ ಮುಟ್ಟೋ ಹಾಗಿಲ್ಲ."

ದಾರಿಯುದ್ದಕ್ಕೂ ಇವಳು ಆ ಗೀರುಗಳನ್ನ ಸೆರಗಿನಲ್ಲಿ ಮುಚ್ಚಿಕೊಳ್ತಿದ್ದಳು. ನನಗೆ ಒಳಗೊಳಗೇ ಖುಷಿ, ಸುಳ್ಳು ಯಾಕೆ ಹೇಳಲಿ. ಆ ಪ್ರಾಣಿ ನಮ್ಮ ಮನೆಗೆ ಬಂದದ್ದೇ ನನ್ನನ್ನು ಕೇಳದೆ. ತಂದಿಟ್ಟವರು ಪಕ್ಕದ ಪ್ರೆಸ್ಸಿನವರು, ಅಂದರೆ ಇವಳ ಸ್ವಂತ ಅಣ್ಣ. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಹೊಸಿಲ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ರದ್ದಿ ಕಾಗದ, ರದ್ದಿಯ ಮೇಲೆ ಕಂದು ಬಣ್ಣದ ಅದು. ಜೊತೆಗೊಂದು ಚೀಟಿ: "ತಂಗಿಗೆ ಹೊತ್ತು ಹೋಗಲಿ ಅಂತ." ನನಗೆ ಒಂದು ಮಾತಿಲ್ಲ. ಹೇಗಿರುತ್ತೆ, ನಾನು ಆ ಮನುಷ್ಯನ ಜೊತೆ ಮಾತು ಬಿಟ್ಟು ಎರಡು ವರ್ಷವಾಯಿತು.

ಇವಳು ಅದಕ್ಕೆ ಗೋಂದು ಅಂತ ಹೆಸರಿಟ್ಟಿದ್ದಾಳೆ. ಬುಕ್ ಬೈಂಡರ್ ಮನೆ ನಾಯಿಗೆ ಇನ್ನೇನು ಹೆಸರಿಡಲಿ, ಅಂಟಿಕೊಂಡರೆ ಬಿಡಲ್ಲ ಅಂತಾಳೆ.

ಇನ್ನು ಇಪ್ಪತ್ತೆಂಟು ದಿನ. ಆಮೇಲೆ ನನಗೆ ಬಿಡುಗಡೆ.

ಮಾರ್ಚ್ ೪, ಮಂಗಳವಾರ

ಕೆಲಸದ ಕೋಣೆಗೂ ನಡುಮನೆಗೂ ಮಧ್ಯೆ ಒಂದು ಹಲಗೆ ಅಡ್ಡ ನಿಲ್ಲಿಸಿದ್ದೇನೆ. ಆಚೆ ಇವಳು ಕುರ್ಚಿಯಲ್ಲಿ, ಈಚೆ ಅದು. ಎರಡೂ ಕಡೆಯಿಂದ ಒಂದೇ ಥರದ ನೋಟ. ಜೈಲಿನ ಕಾವಲುಗಾರ ನಾನು.

ಮಧ್ಯಾಹ್ನ ಇವಳು ಹೇಳಿದಳು, "ಆಪರೇಷನ್ ಆದಮೇಲೆ ನಾನು ಮೊದಲು ನಕ್ಕಿದ್ದು ಯಾವತ್ತು, ನೆನಪಿದೆಯೇನ್ರೀ?"

ನೆನಪಿದೆ. ಆ ಪ್ರಾಣಿ ನನ್ನ ಚಪ್ಪಲಿ ಎಳೆದುಕೊಂಡು ಹೋಗಿ ನೀರಿನ ಬಕೆಟ್ಟಿಗೆ ಹಾಕಿದ ದಿನ. ಹೊಲಿಗೆ ಹಾಕಿದ ಎದೆ ಹಿಡಿದುಕೊಂಡು, "ಅಯ್ಯೋ ನಗಿಸಬೇಡವೋ, ನೋಯುತ್ತೆ," ಅಂತ ನಕ್ಕಿದ್ದಳು. ಅದಕ್ಕೂ ಮುಂಚೆ ಹತ್ತು ದಿನ ಗೋಡೆ ನೋಡಿಕೊಂಡು ಮಲಗಿದ್ದಳು. ಊಟ ಮಾಡು ಅಂದರೆ ಮಾಡೋಳು, ಏಳು ಅಂದರೆ ಏಳೋಳು, ಅಷ್ಟೇ. ನನಗೆ ಆಪರೇಷನ್ನಿಗಿಂತ ಆ ಹತ್ತು ದಿನ ಹೆದರಿಕೆ ಆಗಿತ್ತು.

ಹಾಳಾಗಿ ಹೋಗಲಿ, ಕಲಿಸ್ತೀನಿ ಅಂದೆ. ಇವಳಿಗೋಸ್ಕರ, ಅದಕ್ಕೋಸ್ಕರ ಅಲ್ಲ.

ಮಾರ್ಚ್ ೬, ಗುರುವಾರ

ಕಲಿಸೋದಂತೆ! ಕೈ ಕೊಟ್ಟರೆ ನೆಕ್ಕುತ್ತೆ, ನೆಕ್ಕಿ ನೆಕ್ಕಿ ರುಚಿ ಹತ್ತಿದ ಮೇಲೆ ಕಚ್ಚುತ್ತೆ. ಬೆರಳ ಸಂದಿ, ಮಣಿಕಟ್ಟು, ಮೊಣಕೈ, ಯಾವುದೂ ಬಿಟ್ಟಿಲ್ಲ. ಹಲ್ಲು ಸೂಜಿಯ ಮೊನೆ. ದಬ್ಬಣ ಚುಚ್ಚಿಕೊಂಡು ಬೆಳೆದ ಕೈ ಇದು, ಆದರೂ ಇವತ್ತು "ಅಮ್ಮಾ" ಅಂತ ಕೂಗಿದ್ದು ಹಲಗೆಯಾಚೆಗೂ ಕೇಳಿಸಿತು. ಇವಳು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು.

ಕಾಕತಾಳೀಯ ಅಂದರೆ ಇದೇ. ಲೈಬ್ರರಿಯಮ್ಮ ರಿಪೇರಿಗೆ ತಂದುಕೊಟ್ಟ ಒಂಬತ್ತು ಪುಸ್ತಕದಲ್ಲಿ ಒಂದು ನಾಯಿ ಸಾಕುವುದರ ಬಗ್ಗೆ! ಹೊಲಿಗೆ ಬಿಚ್ಚಿ, ಹದಿನಾರು ಪುಟದ ಒಂದೊಂದು ಮಡಿಕೆಯನ್ನೂ (ನಾವು ಫಾರಂ ಅಂತೀವಿ) ಬೇರೆ ಮಾಡಿ ಮೇಜಿನ ಮೇಲಿಟ್ಟೆ. ಪಕ್ಕದಲ್ಲಿ ಪಿಟೀಲು ಮೇಷ್ಟ್ರು ತಮ್ಮ ಶಿಷ್ಯರಿಗೆ ಅಂತ ಅಚ್ಚು ಹಾಕಿಸಿದ ಪಾಠದ ಪುಸ್ತಕದ ಫಾರಂಗಳು. ಅಷ್ಟರಲ್ಲಿ ಆ ಪ್ರಾಣಿ ಮೇಜಿನ ಮೇಲಿನ ಬಟ್ಟೆಯ ತುದಿ ಹಿಡಿದು ಜಗ್ಗಿತು. ಎಲ್ಲಾ ನೆಲದ ಮೇಲೆ. ಬೈಯುತ್ತಾ ಬಾಚಿ ಬಾಚಿ ಎರಡು ಗುಪ್ಪೆ ಮಾಡಿಟ್ಟೆ. ಪುಟ ಎಣಿಸಿ ನೋಡು ಅಂತ ಬೇರೆಯವರಿಗೆ ಹೇಳಬೇಕು; ಮೂವತ್ತನಾಲ್ಕು ವರ್ಷದ ಕೈ ನನ್ನದು.

ಮಾರ್ಚ್ ೭, ಶುಕ್ರವಾರ

ನಾಯಿ ಪುಸ್ತಕ ಓದಿದೆ. ಮೂವತ್ತೆರಡನೇ ಪುಟದಲ್ಲಿ ಬೇಕಾದದ್ದು ಸಿಕ್ಕಿತು: "ಮರಿ ಕಚ್ಚಿದ ಕೂಡಲೇ ಕೈ ಕೊಡವಬೇಡಿ, ಹೊಡೆಯಬೇಡಿ. ಬೆನ್ನು ತಿರುಗಿಸಿ, ಕೈ ಕಟ್ಟಿ, ಮಾತಿಲ್ಲದೆ ನಿಲ್ಲಿ. ಆಮೇಲೆ"

ಆಮೇಲೆ ಪುಟವೇ ಇಲ್ಲ. ಮೂವತ್ತಮೂರರಿಂದ ನಲವತ್ತೆಂಟು ಮಾಯ. ಲೈಬ್ರರಿ ಪುಸ್ತಕ ಅಂದರೆ ಜನಕ್ಕೆ ಹರಿದುಕೊಂಡು ಹೋಗೋದೇ ಚಾಳಿ. ನಲವತ್ತೊಂಬತ್ತನೇ ಪುಟ ಶುರುವಾಗೋದು, "ಬೆಚ್ಚಗಿನ ನೀರಿನಲ್ಲಿ ತಲೆಯಿಂದ ಬಾಲದವರೆಗೆ ಚೆನ್ನಾಗಿ ತಿಕ್ಕಿ" ಅಂತ. ಕಚ್ಚಿದ್ದಕ್ಕೆ ಬಿಸಿನೀರಿನ ಮರ್ಯಾದೆ!

ಇರಲಿ. ಬೆನ್ನು ತಿರುಗಿಸಿ ಮಾತಿಲ್ಲದೆ ನಿಲ್ಲೋದು ತಾನೇ? ಈ ವಿದ್ಯೆ ನನಗೆ ಹೇಳಿಕೊಡಬೇಕಾಗಿಲ್ಲ. ಪ್ರೆಸ್ಸಿನವರ ಮೇಲೆ ಎರಡು ವರ್ಷದಿಂದ ಪ್ರಯೋಗ ಮಾಡ್ತಿದ್ದೇನೆ. ಮಾವನವರು ತೀರಿಕೊಂಡ ಮೇಲೆ ಅವರು ಬರೆದಿದ್ದ ಕಾಗದಗಳನ್ನೆಲ್ಲ ಸೇರಿಸಿ ಈ ಪ್ರೆಸ್ಸಿನವರು ಪುಸ್ತಕ ಮಾಡಿದರು. ಅಚ್ಚು ಅವರದ್ದು, ಹೊಲಿಗೆ ನನ್ನದು. ಅದನ್ನು ಕೈಯಲ್ಲಿ ಹಿಡಿದುಕೊಂಡು, ನಾಲ್ಕು ಜನ ಗಿರಾಕಿಗಳ ಮುಂದೆ, "ಒಂದು ಫಾರಂ ತಲೆಕೆಳಗಾಗಿ ಹೊಲಿದಿದ್ದೀಯಲ್ಲೋ, ಕಣ್ಣು ಕಾಣದಿದ್ದರೆ ಸೂಜಿ ಕೆಳಗಿಡು," ಅಂದರು. ಮಡಿಚಿ ಕಳಿಸಿದ್ದು ಅವರ ಪ್ರೆಸ್ಸು. ತಪ್ಪು ನನ್ನದಂತೆ! ಆವತ್ತು ತಿರುಗಿಸಿದ ಬೆನ್ನು, ಇನ್ನೂ ಹಾಗೇ ಇದೆ.

ಮಾರ್ಚ್ ೮, ಶನಿವಾರ

ಕೈ ಕಚ್ಚಿತು. ಬೆನ್ನು ತಿರುಗಿಸಿದೆ. ಹಿಮ್ಮಡಿ ಕಚ್ಚಿತು.

ಮಾರ್ಚ್ ೧೧, ಮಂಗಳವಾರ

ನಗಬೇಕೋ ಅಳಬೇಕೋ ಗೊತ್ತಾಗ್ತಿಲ್ಲ.

ಅದು ನೆಕ್ಕೋದು ನನ್ನನ್ನು ಮಾತ್ರ ಯಾಕೆ ಅಂತ ವಾರದಿಂದ ತಲೆ ಕೆಡಿಸಿಕೊಂಡಿದ್ದೆ. ಹಾಲಿನವನು ಬಂದರೆ ಮೂಸಿ ಬಿಡುತ್ತೆ. ಪಿಟೀಲು ಮೇಷ್ಟ್ರು ಇವತ್ತು ತಮ್ಮ ಪುಸ್ತಕ ತಗೊಂಡು ಹೋಗೋಕೆ ಬಂದಿದ್ದರು, ಅವರ ಕೈ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಮೇಲೆ ಪ್ರೀತಿ ಜಾಸ್ತಿ ಅಂತ ಇವಳಿಗೆ ಹೇಳಿದೆ ಕೂಡ, ಸ್ವಲ್ಪ ಜಂಬದಿಂದಲೇ.

ಇವಳು ಹಲಗೆಯ ಮೇಲಿಂದ ಬಗ್ಗಿ ನನ್ನ ಕೈ ನೋಡಿ, "ಪ್ರೀತಿಯಲ್ಲ ರೀ, ಅಂಟು," ಅಂದಳು.

ಹೌದು! ಮೈದಾ ಕುದಿಸಿದ ಅಂಟು! ಮೊದಲು ಹುಳ ಹಿಡೀಬಾರದು ಅಂತ ಅದಕ್ಕೆ ಮೈಲುತುತ್ತ ಹಾಕುತ್ತಿದ್ದೆ. ಮರಿ ಬಂದ ದಿನವೇ, ವಿಷ ಅದು, ಮುಟ್ಟಬೇಡಿ ಅಂತ ಇವಳು ಡಬ್ಬ ಎತ್ತಿಡಿಸಿದ್ದಳು. ಆವತ್ತಿಂದ ನಾನು ಬೆಳಿಗ್ಗೆಯಿಂದ ಸಂಜೆವರೆಗೆ ಹತ್ತು ಬೆರಳಿಗೂ ಗಂಜಿ ಬಳಿದುಕೊಂಡು, ನೆಕ್ಕಬೇಡ ಅಂತ ಅದಕ್ಕೆ ಬೈಯುತ್ತಿದ್ದೇನೆ.

ಸೋಪು ಹಾಕಿ ಮೊಣಕೈವರೆಗೆ ತೊಳೆದೆ. ನೆಕ್ಕೋದು ಮುಕ್ಕಾಲು ಪಾಲು ನಿಂತಿತು. ಇವಳು ನಗು ನಿಲ್ಲಿಸಿದ್ದು ಊಟದ ಹೊತ್ತಿಗೆ. ಕಚ್ಚೋದು ಮಾತ್ರ ನಿಂತಿಲ್ಲ.

ಮಾರ್ಚ್ ೧೫, ಶನಿವಾರ

ಬೆನ್ನು ತಿರುಗಿಸೋದನ್ನ ಗಟ್ಟಿ ಮಾಡಿದ್ದೇನೆ. ಒಂದು ಸಲ ಕಚ್ಚಿದರೆ ಅರ್ಧ ಗಂಟೆ ಮಾತಿಲ್ಲ, ನೋಟವಿಲ್ಲ. ನಿನ್ನೆ ಒಂದು ಗಂಟೆ. ಅಷ್ಟು ಹೊತ್ತು ನಿಂತು ನನ್ನ ಸೊಂಟ ಹಿಡಿದುಕೊಂಡಿತು.

ಮೊದಲು ಕುಂಯ್‌ಗುಟ್ಟುತ್ತೆ. ಆಮೇಲೆ ಮೇಜಿನ ಕೆಳಗೆ ಹೋಗಿ ಮುದುಡಿಕೊಳ್ಳುತ್ತೆ. ಕೊನೆಗೆ ಬಂದು ಮೊದಲಿಗಿಂತ ಜೋರಾಗಿ ಕಚ್ಚುತ್ತೆ. ಹಟಮಾರಿ.

"ಅದಕ್ಕೆ ಯಾಕೆ ಅಂತ ಗೊತ್ತಾಗ್ತಿಲ್ಲ ಅನ್ಸುತ್ತೆ ರೀ," ಅಂದಳು ಇವಳು.

"ಯಾಕೆ ಗೊತ್ತಾಗಲ್ಲ? ಕಚ್ಚಿದ್ದು ಅದೇ ತಾನೇ?"

"ಒಂದು ಗಂಟೆ ಆದಮೇಲೆ ನಿಮಗೇ ನೆನಪಿರಲ್ಲ, ಅದಕ್ಕಿರುತ್ತಾ?"

ನನಗೆ ಎಲ್ಲ ನೆನಪಿರುತ್ತೆ ಅಂದೆ. "ಅದು ಗೊತ್ತು ಬಿಡಿ," ಅಂದು ಒಳಗೆ ಹೋದಳು. ಇವಳ ಮಾತು ಕೆಲವೊಮ್ಮೆ ಎತ್ತಲಿಂದ ಎತ್ತಲೋ ಹೋಗುತ್ತೆ.

ಸಂಜೆ ಹೊಸಿಲ ಮೇಲೆ ಒಂದು ಹಗ್ಗ ಬಿದ್ದಿತ್ತು, ಪ್ರೆಸ್ಸಿನ ಪಾರ್ಸೆಲ್ ಕಟ್ಟೋ ಸೆಣಬಿನ ಹಗ್ಗ, ಎರಡೂ ತುದಿಗೆ ದಪ್ಪ ಗಂಟು. ಮರಿ ಕಚ್ಚಲಿ ಅಂತಿರಬೇಕು. ಮೂಲೆಗೆ ಎಸೆದೆ.

ಮಾರ್ಚ್ ೧೮, ಮಂಗಳವಾರ

ಇವತ್ತು ಆಗಬಾರದ್ದು ಆಯ್ತು.

ಬೆಳಿಗ್ಗೆ ಹತ್ತಕ್ಕೆ ನಾನು ರಟ್ಟು ಕತ್ತರಿಸ್ತಿದ್ದೆ. ಆ ಪ್ರಾಣಿ ಹಲಗೆ ಹಾರೋಷ್ಟು ಬೆಳೆದಿದೆ ಅಂತ ನನಗೆ ಗೊತ್ತಿರಲಿಲ್ಲ. ಹಾರಿತು, ನೇರ ಇವಳ ತೊಡೆಗೆ. ಇವಳು ತಳ್ಳೋ ಬದಲು ತಬ್ಬಿಕೊಂಡಳು. ಸಂಭ್ರಮಕ್ಕೆ ಮಣಿಕಟ್ಟು ಹಿಡಿದುಬಿಟ್ಟಿತು. ಸಣ್ಣ ತೂತು, ಅಕ್ಕಿಕಾಳಿನಷ್ಟು. ರಕ್ತ ನಿಲ್ಲಲೇ ಇಲ್ಲ.

ಬಟ್ಟೆ ಒತ್ತಿ ಹಿಡಿದೆ. ನೆನೆಯಿತು. ಇನ್ನೊಂದು ಬಟ್ಟೆ. ಅದೂ ನೆನೆಯಿತು. ನನ್ನ ಕೂಗು ಕೇಳಿ ಗೋಡೆಯಾಚೆ ಮೆಷಿನ್ನು ನಿಂತಿತು, ಭಾವ ಓಡಿ ಬಂದರು. ಇವಳ ಕೈ ಎತ್ತಿ ಹಿಡಿದರು, ನಾನು ಒತ್ತಿ ಹಿಡಿದೆ. ನಲವತ್ತು ನಿಮಿಷ. ಅವರ ಕೈಯಲ್ಲಿ ಶಾಯಿ, ನನ್ನ ಕೈಯಲ್ಲಿ ಅಂಟು, ನಡುವೆ ಇವಳ ಕೈ. ಇಬ್ಬರೂ ಒಂದು ಮಾತಾಡಲಿಲ್ಲ. ರಕ್ತ ನಿಂತ ಮೇಲೆ ಭಾವ ಬಟ್ಟೆಯೆಲ್ಲ ನೀರಿಗೆ ಹಾಕಿ, ಕೈ ತೊಳೆದು ಹೋದರು.

ಆಸ್ಪತ್ರೆಗೆ ಫೋನ್ ಮಾಡಿ ಅವರು ಹೇಳಿದ ಮಾತ್ರೆ ತಂದೆ. ಆಮೇಲೆ ಗಿಡ ಮಾರೋ ನರ್ಸರಿಯಾಕೆಗೆ ಫೋನ್ ಮಾಡಿದೆ. ದೊಡ್ಡ ಜಾಗ, ಆಗಲೇ ಎರಡು ನಾಯಿ ಇದ್ದಾವೆ, ಕಳಿಸಿ ಅಂದಳು. ನಾಳೆಯೇ ಅಂದೆ.

ಇವಳು ಕೇಳಿಸಿಕೊಂಡಳು. ಅಳಲಿಲ್ಲ. ಬ್ಯಾಂಡೇಜು ಸುತ್ತಿದ ಕೈ ಮಡಿಲಲ್ಲಿಟ್ಟುಕೊಂಡು, "ಡಾಕ್ಟ್ರು ಮೂವತ್ತೊಂದರವರೆಗೆ ಅಂದಿದ್ದಾರೆ. ಇನ್ನೂ ಹದಿಮೂರು ದಿನ ಇದೆ. ಅದನ್ನಾದರೂ ಕೊಡಿ," ಅಂದಳು. ಆಮೇಲೆ ಎದ್ದು ಹೋಗಿ ಗೋಡೆ ಕಡೆ ತಿರುಗಿ ಮಲಗಿದಳು.

ನರ್ಸರಿಯಾಕೆಗೆ ಮತ್ತೆ ಫೋನ್ ಮಾಡಿ ಬೇಡ ಅಂದೆ. ಹಲಗೆಯ ಮೇಲೆ ಇನ್ನೊಂದು ಹಲಗೆ ಹೊಡೆದೆ. ಗೋಂದು ಇಡೀ ದಿನ ಮೇಜಿನ ಕೆಳಗಿಂದ ಬರಲಿಲ್ಲ, ಅನ್ನವನ್ನೂ ಮುಟ್ಟಲಿಲ್ಲ.

ಮಾರ್ಚ್ ೨೦, ಗುರುವಾರ

ಪಿಟೀಲು ಮೇಷ್ಟ್ರು ಪುಸ್ತಕ ಹಿಡಿದುಕೊಂಡು ಬಂದರು. ಮುಖದಲ್ಲಿ ಸಿಟ್ಟೋ ನಗುವೋ ಗೊತ್ತಾಗಲಿಲ್ಲ.

"ಸ್ವಾಮಿ, ಕಮಾನು ಹಿಡಿಯೋ ಪಾಠದ ಮಧ್ಯೆ ಮರಿಯ ತಲೆ ಸವರಿ ಅಂತಿದೆ. ನನ್ನ ಶಿಷ್ಯೆ ಮುಂದಿನ ಪಾಠಕ್ಕೆ ನಾಯಿ ತರಬೇಕಾ ಅಂತ ಕೇಳ್ತಿದ್ದಾಳೆ."

ತೆಗೆದು ನೋಡಿದೆ. ಮೂವತ್ತಮೂರರಿಂದ ನಲವತ್ತೆಂಟು. ನನ್ನ ದಾರ, ನನ್ನ ಗಂಟು, ನನ್ನ ಕೈಕೆಲಸ. ನೆಲದ ಮೇಲಿಂದ ಬಾಚಿದ್ದನ್ನು ಎಣಿಸದೆ ಹೊಲಿದಿದ್ದೇನೆ! ಮೂವತ್ತನಾಲ್ಕು ವರ್ಷದಲ್ಲಿ ಇದೇ ಮೊದಲು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಲೈಬ್ರರಿ ಓದುಗರಿಗೆಲ್ಲ ಕಳ್ಳರ ಪಟ್ಟ ಕಟ್ಟಿದ್ದೆನಲ್ಲ. ಮೇಷ್ಟ್ರು ದೊಡ್ಡ ಮನಸ್ಸಿನವರು, ಕೂತು ಗೋಂದುವಿನ ಕಿವಿ ಎಳೆದು, ಕಾಫಿ ಕುಡಿದು ಹೋದರು.

ಅವರು ಅತ್ತ ಹೋದ ಕೂಡಲೇ ಹೊಲಿಗೆ ಬಿಚ್ಚಿ ಓದಿದೆ. "ಆಮೇಲೆ" ಆದಮೇಲೆ ಹೀಗಿದೆ:

"ಹತ್ತು ಎಣಿಸಿ, ತಿರುಗಿ. ಮರಿ ಸುಮ್ಮನಾಗಿದ್ದರೆ ತಡಮಾಡದೆ ಮಾತಾಡಿಸಿ, ತಲೆ ಸವರಿ, ಕಚ್ಚಲು ಬೇರೆ ವಸ್ತು ಕೊಡಿ. ಬೆನ್ನು ತಿರುಗಿಸುವುದು ಅರ್ಧ ಪಾಠ ಮಾತ್ರ. ಹೆಚ್ಚು ಹೊತ್ತು ಹಾಗೇ ನಿಂತರೆ ಮರಿಗೆ ತನ್ನ ತಪ್ಪು ಮರೆತುಹೋಗುತ್ತದೆ, ನಿಮ್ಮ ಬೆನ್ನು ಮಾತ್ರ ನೆನಪಿರುತ್ತದೆ."

ಹಲಗೆಯಾಚೆ ಇವಳಿಗೆ ಓದಿ ಹೇಳಿದೆ. ಪ್ರೆಸ್ಸಿನ ಕಡೆಯ ಕಿಟಕಿ ನೋಡುತ್ತಾ ಕೂತಿದ್ದಳು. "ಇನ್ನೊಂದು ಸಲ ಓದಿ," ಅಂದಳು. ಓದಿದೆ. "ನಿಧಾನಕ್ಕೆ ಓದಿ," ಅಂದಳು. ಮಾತ್ರೆಯಿಂದ ಕಿವಿ ಮಂದ ಆಗಿದೆಯೇನೋ, ಡಾಕ್ಟರಮ್ಮನನ್ನು ಕೇಳಬೇಕು.

ಮಾರ್ಚ್ ೨೧, ಶುಕ್ರವಾರ

ಕಚ್ಚಿದ. ತಿರುಗಿದೆ. ಒಂದು, ಎರಡು, ಮೂರು... ಹತ್ತಕ್ಕೆ ಮತ್ತೆ ತಿರುಗಿದರೆ ತಲೆ ಓರೆ ಮಾಡಿಕೊಂಡು ನನ್ನನ್ನೇ ನೋಡ್ತಿದ್ದಾನೆ! "ಶಭಾಷ್ ಮಗನೇ," ಅಂದೆ. ಮೂಲೆಯಲ್ಲಿ ಬಿದ್ದಿದ್ದ ಸೆಣಬಿನ ಹಗ್ಗ ಕೊಟ್ಟೆ. ಕಚ್ಚಿಕೊಂಡು ಕೋಣೆಯೆಲ್ಲ ಮೆರವಣಿಗೆ ಮಾಡಿದ. ಒಳ್ಳೇ ಹಗ್ಗ, ಗಂಟು ಗಟ್ಟಿಯಾಗಿ ಹಾಕಿದ್ದಾರೆ.

ಬೆಳಿಗ್ಗೆಯಿಂದ ಸಂಜೆಗೆ ಹದಿನೇಳು ಸಲ ತಿರುಗಿದೆ. ತಲೆ ಸುತ್ತು. ಇವಳು ಆಚೆ ಕೂತು ಜೋರಾಗಿ ಎಣಿಸ್ತಿದ್ದಳು, ಬೇಕಂತಲೇ ಏಳಾದ ಮೇಲೆ ಒಂಬತ್ತು ಅಂತಿದ್ದಳು.

ಮಾರ್ಚ್ ೨೩, ಭಾನುವಾರ

ಬೀರುವಿನ ಮೇಲೆ ಧೂಳು ಹೊಡೆಯೋಣ ಅಂತ ಹತ್ತಿದೆ. ಅಲ್ಲಿ ಮಾವನವರ ಕಾಗದಗಳ ಪುಸ್ತಕ ಇತ್ತು. ಜಗಳದ ದಿನ ಅಲ್ಲಿಗೆ ಎಸೆದಿದ್ದೆ, ಒಂದು ಸಲವೂ ತೆರೆದು ನೋಡಿರಲಿಲ್ಲ.

ಮೂರನೇ ಫಾರಂ ತಲೆಕೆಳಗಾಗಿದೆ. ಮಡಿಕೆ ಸರಿಯಾಗೇ ಇದೆ. ಹೊಲಿದದ್ದು ತಪ್ಪು. ಆ ಪುಟಗಳಲ್ಲಿ ಇರೋದು ಮಾವನವರು ಭಾವನಿಗೆ ಬರೆದ ಕಾಗದಗಳೇ.

ಇನ್ನೇನೂ ಬರೆಯೋಕೆ ತೋಚ್ತಿಲ್ಲ. ಗೋಂದು ಇವತ್ತು ಕಚ್ಚಿದ್ದು ನಾಲ್ಕೇ ಸಲ.

ಮಾರ್ಚ್ ೨೯, ಶನಿವಾರ

ಮೂರು ದಿನದಿಂದ ಒಂದು ಸಲವೂ ಕಚ್ಚಿಲ್ಲ. ನಾನು ಸುಮ್ಮನೆ ಬೆನ್ನು ತಿರುಗಿಸಿದರೂ ಸಾಕು, ಏನು ತಪ್ಪು ಮಾಡಿದೆನೋ ಅಂತ ತಟ್ಟನೆ ಕೂತುಬಿಡ್ತಾನೆ. ಕಪಾಟಿನಿಂದ ದಾರ ತೆಗೆಯೋಕೆ ತಿರುಗಿದರೂ ಕೂರ್ತಾನೆ, ಪಾಪ.

ಇವತ್ತು ಹಲಗೆ ತೆಗೆದೆವು. ಇವಳ ಎರಡೂ ಕೈಗೆ ನನ್ನ ದಪ್ಪ ಚರ್ಮದ ಕೈಗವಸು ಹಾಕಿಸಿದ್ದೆ, ಅದನ್ನ ಕಿತ್ತು ಬಿಸಾಕಿ, "ನನ್ನ ಕೈ ಅವನಿಗೆ ಗೊತ್ತಾಗಬೇಡವಾ?" ಅಂದಳು. ಬಿಸ್ಕತ್ತಿನ ಚೂರು ಅಂಗೈಯಲ್ಲಿಟ್ಟು ಚಾಚಿದಳು. ನಾನು ಒತ್ತೋಕೆ ಬಟ್ಟೆ ಹಿಡಿದುಕೊಂಡೇ ನಿಂತೆ. ಗೋಂದು ನನ್ನ ಮುಖ ನೋಡಿದ, ಇವಳ ಮುಖ ನೋಡಿದ, ತುಟಿಯ ತುದಿಯಲ್ಲಿ ಚೂರು ಎತ್ತಿಕೊಂಡು ಹಿಂದೆ ಸರಿದು ಕೂತ. ಕೈ ಒದ್ದೆ ಕೂಡ ಆಗಲಿಲ್ಲ.

ಇವಳು ಅತ್ತಳು. ನಾನೂ ಅತ್ತೆ. ಬರೆದುಕೊಳ್ಳೋಕೇನು, ಓದೋರು ಯಾರಿದ್ದಾರೆ.

ಸಂಜೆ, ಮಾವನವರ ಪುಸ್ತಕ ಸರಿಯಾಗಿ ಹೊಲಿದು ಹೊಸ ರಟ್ಟು ಹಾಕಿದ್ದನ್ನು ಗೋಂದು ಬಂದಿದ್ದ ಅದೇ ಬುಟ್ಟಿಯಲ್ಲಿ ರದ್ದಿಯ ಮೇಲಿಟ್ಟು ಪ್ರೆಸ್ಸಿನ ಹೊಸಿಲ ಮೇಲಿಟ್ಟು ಬಂದೆ. ಚೀಟಿಯಲ್ಲಿ, "ತಪ್ಪು ನನ್ನದೇ." ಕೆಲಸದ ವಿಷಯ, ಸರಿ ಮಾಡೋದು ಬೈಂಡರನ ಕರ್ತವ್ಯ, ಅಷ್ಟೇ.

ಮಾರ್ಚ್ ೩೧, ಸೋಮವಾರ

ನಾವು ಆಸ್ಪತ್ರೆಗೆ ಹೋದರೆ ಗೋಂದುವನ್ನು ನೋಡಿಕೊಳ್ಳೋರು ಯಾರು ಅಂದರೆ, "ಅಣ್ಣನಿಗೆ ಬೀಗದಕೈ ಕೊಟ್ಟಾಯ್ತು," ಅಂದಳು ಇವಳು. ನನ್ನನ್ನು ಕೇಳೋ ಪದ್ಧತಿಯೇ ಇಲ್ಲ ಈ ಮನೆಯಲ್ಲಿ.

ಡಾಕ್ಟರಮ್ಮ ಇವಳ ಕೈ ಆಚೆ ಈಚೆ ತಿರುಗಿಸಿ ನೋಡಿದರು. ಮಣಿಕಟ್ಟಿನ ಕಲೆಯ ಮೇಲೆ ಬೆರಳಿಟ್ಟರು. "ಇದು?"

"ಹದಿನೆಂಟನೇ ತಾರೀಖಿಂದು," ಅಂದೆ ನಾನು.

"ಆಮೇಲೆ?"

"ಆಮೇಲೆ ಒಂದೂ ಇಲ್ಲ. ನೆಕ್ಕೋದೂ ಇಲ್ಲ. ನೋಡಿ, ನನ್ನ ಕೈಯಲ್ಲೂ ಹೊಸ ಗೀರಿಲ್ಲ." ಎರಡೂ ಕೈ ಮೇಜಿನ ಮೇಲಿಟ್ಟೆ, ಸ್ಕೂಲಿನಲ್ಲಿ ಉಗುರು ತೋರಿಸೋ ಹಾಗೆ.

ಡಾಕ್ಟರಮ್ಮ ನಕ್ಕರು. ಮುಖದ ಹತ್ತಿರ ಬಿಡಬೇಡಿ, ಮುಟ್ಟಿದ ಮೇಲೆ ಕೈ ತೊಳೀರಿ ಅಂತ ಹೇಳಿ, "ಇರಲಿ ಬಿಡಿ ಮರಿ," ಅಂದರು. ನನ್ನ ಕಣ್ಣಲ್ಲಿ ನೀರು ಬಂತು. ಆಸ್ಪತ್ರೆಯ ಫಿನಾಯಿಲ್ ವಾಸನೆ ಅಂದರೆ ನನಗೆ ಮೊದಲಿಂದ ಆಗಲ್ಲ.

ಮನೆಗೆ ಬಂದರೆ ಭಾವ ನನ್ನ ಕೆಲಸದ ಕೋಣೆಯಲ್ಲಿ ನಿಂತಿದ್ದಾರೆ. ಕಂಕುಳಲ್ಲಿ ಮಾವನವರ ಪುಸ್ತಕ, ಕಾಲಬುಡದಲ್ಲಿ ಗೋಂದು. ನನ್ನನ್ನು ನೋಡಿ ಗಂಟಲು ಸರಿಮಾಡಿಕೊಂಡರು.

"ಒಂದು ಫಾರಂ ನೆಟ್ಟಗೆ ಮಾಡೋಕೆ ಎರಡು ವರ್ಷ ಬೇಕಾಯ್ತೇನೋ? ಆಮೆ ಕೈಗೆ ಸೂಜಿ ಕೊಟ್ಟಿದ್ದರೂ ಇಷ್ಟು ಹೊತ್ತಿಗೆ ಮುಗಿಸಿರೋದು."

ಎರಡು ವರ್ಷದ ಮೇಲೆ ಆಡಿದ ಮೊದಲನೇ ಮಾತು! ನನಗೆ ಚುರ್ ಅಂತು. ಸರ್ರನೆ ಬೆನ್ನು ತಿರುಗಿಸಿ, ಕೈ ಕಟ್ಟಿ, ಗೋಡೆ ನೋಡುತ್ತಾ ನಿಂತೆ. ಬಾಗಿಲ ಹತ್ತಿರ ಇವಳು ಮೆಲ್ಲಗೆ, "ಒಂದು, ಎರಡು," ಅನ್ನೋದು ಕೇಳಿಸಿತು.

ಹತ್ತರವರೆಗೆ ಕಾಯಲಿಲ್ಲ, ನಿಜ ಹೇಳಬೇಕೆಂದರೆ. ಏಳಕ್ಕೇ ತಿರುಗಿದೆ.

ಗೋಂದು ಕೂತಿದ್ದ. ಪಕ್ಕದ ಸ್ಟೂಲಿನ ಮೇಲೆ ಭಾವನೂ ಕೂತಿದ್ದರು, ಪುಸ್ತಕವನ್ನು ಎರಡೂ ಕೈಯಲ್ಲಿ ಎದೆಗೊತ್ತಿ ಹಿಡಿದುಕೊಂಡು, ನನ್ನ ಮುಖವನ್ನೇ ನೋಡುತ್ತಾ.

"ಕಾಫಿ ಕುಡೀತೀರಾ ಭಾವ?" ಅಂದೆ.